11 ಸೆಂಟಿಮೀಟರ್ ದಾರ

ಆ ಹುಡುಗಿಯ ತುಟಿಯ ಗಾಯ ವಾಸಿಯಾಗಿ ತುಂಬಾ ದಿನವಾಯಿತು. ಆ ಹೊತ್ತಿನಲ್ಲಿ ನಾನು ಅವಳಿಗೆ ಆಡಿದ ಮಾತು ಮಾತ್ರ ಇನ್ನೂ ನನ್ನನ್ನು ಚುಚ್ಚುತ್ತದೆ.

ಕಾಂಪೌಂಡ್ ಬೋ, ಅಂದರೆ ತುದಿಯಲ್ಲಿ ಕ್ಯಾಮ್ ಎಂಬ ಗಾಲಿಗಳಿರುವ ಬಿಲ್ಲು; ಅದರ ರಿಪೇರಿ, ಟ್ಯೂನಿಂಗ್ ನನ್ನ ಕೆಲಸ. ಪಂದ್ಯದ ಹಿಂದಿನ ಸಂಜೆ ಬೆಂಚಿನ ಮುಂದೆ ಸಾಲು ನಿಂತಿರುತ್ತದೆ. ಒಬ್ಬರ ಪೀಪ್ (ಸ್ಟ್ರಿಂಗ್‌ನಲ್ಲಿ ಗುರಿ ನೋಡುವ ಸಣ್ಣ ತೂತು) ತಿರುಗಿರುತ್ತದೆ, ಇನ್ನೊಬ್ಬರ ಸ್ಟ್ರಿಂಗ್‌ಗೆ ಸುತ್ತಿದ ಸರ್ವಿಂಗ್ ದಾರ ಬಿಚ್ಚಿರುತ್ತದೆ, ಮತ್ತೊಬ್ಬರಿಗೆ ಕ್ಯಾಮ್ ಟೈಮಿಂಗ್ ಈಗಲೇ ಸರಿಯಾಗಬೇಕು. ಡಿ-ಲೂಪ್ ಅಂದರೆ ಬಾಣ ಕೂರುವಲ್ಲಿ ಸ್ಟ್ರಿಂಗ್‌ಗೆ ಕಟ್ಟುವ ಸಣ್ಣ ಕುಣಿಕೆ. ಟ್ರಿಗರ್ ಇರುವ ರಿಲೀಸ್ ಅನ್ನುವ ಹಿಡಿಯ ಹುಕ್ಕನ್ನು ಇದಕ್ಕೇ ಸಿಕ್ಕಿಸಿ ಬಿಲ್ಲು ಎಳೆಯುವುದು. ಉಳಿದ ಕೆಲಸಗಳ ನಡುವೆ ಇದನ್ನು ಬದಲಾಯಿಸುವುದು ಒಂದು ಕೆಲಸ ಅಂತಲೇ ಅನ್ನಿಸುವುದಿಲ್ಲ. ಕೈ ತಾನಾಗೇ ಕಟ್ಟಿಬಿಡುತ್ತದೆ.

ಅವಳದು ಎಳೆಯಲು 50 ಪೌಂಡ್ ಬಲ ಬೇಕಾಗುವ ಬೋ. ಹಳೇ ಲೂಪ್ ಸವೆದು ನೂಲೆದ್ದಿತ್ತು.

"ಸರ್, ನಾಳೆ ಬೆಳಿಗ್ಗೆ ಪ್ರಾಕ್ಟೀಸ್ ಇದೆ. ಇವತ್ತೇ ಆಗುತ್ತಾ?"

"ಕೂತ್ಕೋ ಅಮ್ಮಾ, ಐದು ನಿಮಿಷ."

2 ಮಿಲಿಮೀಟರ್ ದಪ್ಪದ ದಾರವನ್ನು 11 ಸೆಂಟಿಮೀಟರ್ ಕತ್ತರಿಸಿದೆ. ಒಂದು ತುದಿಯ ಎಳೆಗಳನ್ನು ಬಿಡಿಸಿ, ಲೈಟರ್ ಹಿಡಿದು, ಕರಗಿದ ಕೂಡಲೇ ಅದುಮಿ ಅಣಬೆಯ ಹಾಗೆ ಮಾಡಿದೆ. ಚೆನ್ನಾಗಿ ಬಂತು. ಎರಡನೇ ತುದಿಗೆ ಲೈಟರ್ ಹಿಡಿದಾಗ ಪಕ್ಕದಿಂದ ಯಾರೋ ಕರೆದರು. ತಿರುಗಿ ಉತ್ತರ ಕೊಟ್ಟೆ. ಅಷ್ಟರಲ್ಲಿ ದಾರಕ್ಕೆ ಬೆಂಕಿ ಹತ್ತಿಕೊಂಡಿತ್ತು. ಊದಿ ಆರಿಸಿದೆ. ತುದಿ ಕಪ್ಪಾಗಿತ್ತು, ಆದರೆ ಗುಂಡು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು.

ಅಲ್ಲೇ ನಾನು ಎಡವಿದ್ದು. ದಪ್ಪಗಿದೆಯಲ್ಲ, ಇನ್ನೂ ಗಟ್ಟಿ ಇರುತ್ತದೆ ಅಂದುಕೊಂಡೆ. ಪಾಲಿಯೆಸ್ಟರ್ ಕರಗಿ ತಣ್ಣಗಾದರೆ ಗಟ್ಟಿ ಗುಂಡಾಗುತ್ತದೆ. ಅದಕ್ಕೆ ಬೆಂಕಿ ಹತ್ತಿ ಉರಿದರೆ ಪೆಡಸಾಗಿ, ಒತ್ತಿದರೆ ಪುಡಿಯಾಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ಗಂಟಿನೊಳಗಿಂದ ತುದಿ ಜಾರದ ಹಾಗೆ ಹಿಡಿದಿಡುವುದು ಆ ಗುಂಡು. ಮತ್ತೆ 11 ಸೆಂಟಿಮೀಟರ್ ಕತ್ತರಿಸಿದ್ದರೆ ಒಂದು ನಿಮಿಷ ಜಾಸ್ತಿ ಆಗುತ್ತಿತ್ತು, ಅಷ್ಟೇ.

ಮೇಲಿನ ಗಂಟು ಒಂದು ಬದಿಗೆ, ಕೆಳಗಿನದು ಎದುರು ಬದಿಗೆ ಕಟ್ಟಿದೆ. ಬೋ ಸ್ಕ್ವೇರ್ ಅನ್ನುವ ಅಳತೆಪಟ್ಟಿ ಇಟ್ಟು ನಾಕ್ ಎತ್ತರ, ಅಂದರೆ ಬಾಣದ ಹಿಂತುದಿ ಸ್ಟ್ರಿಂಗ್‌ನಲ್ಲಿ ಕೂರುವ ಎತ್ತರ, ನೋಡಿದೆ. ಹಳೇ ಅಳತೆಯೇ ಇತ್ತು. ಇನ್ನು ಪ್ಲೈಯರ್ ಒಳಗೆ ಹಾಕಿ ಜೋರಾಗಿ ಜಗ್ಗಬೇಕು. ಜಗ್ಗಿದರೆ ಲೂಪ್ ಒಂದೆರಡು ಮಿಲಿಮೀಟರ್ ಉದ್ದವಾಗುತ್ತದೆ, ಆ್ಯಂಕರ್ (ಪೂರ್ತಿ ಎಳೆದಾಗ ಕೈ ಮುಖಕ್ಕೆ ತಾಗಿ ನಿಲ್ಲುವ ಜಾಗ) ಬದಲಾಗುತ್ತದೆ, ಪಂದ್ಯದ ಹಿಂದಿನ ದಿನ ಯಾಕೆ ಅಂತ ಬೆರಳಲ್ಲಿ ಎಳೆದು ನೋಡಿ ಬಿಟ್ಟೆ. ಸರಿಯಾಗಿ ಜಗ್ಗಿ, ಉದ್ದವಾದರೆ ಮತ್ತೆ ಕಟ್ಟಬೇಕಿತ್ತು.

ಬೋ ಕೂರಿಸಿ ಪೂರ್ತಿ ಎಳೆದು ನೋಡುವ ಡ್ರಾ ಬೋರ್ಡ್ ಇದ್ದಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತಿತ್ತು. ಗೋಡೆಗೆ ಹಾಕಿದ್ದ ನಮ್ಮ ಡ್ರಾ ಬೋರ್ಡನ್ನು ಆಡಳಿತದವರು ಬಿಚ್ಚಿಸಿ, ಆ ಜಾಗದಲ್ಲಿ ಹೊಸ ಸಾಮಾನಿನ ಸ್ಟ್ಯಾಂಡ್ ಇಟ್ಟಿದ್ದರು. ವಾಪಸ್ ಹಾಕಿ ಅಂತ ಎರಡು ಸಲ ಕೇಳಿದ್ದೆ. ಮೂರನೇ ಸಲ ಕೇಳಲಿಲ್ಲ. ಕೇಳಬೇಕಿತ್ತು.

ಮರುದಿನ 50 ಮೀಟರ್ ಪ್ರಾಕ್ಟೀಸ್. ನಾನು ಲೈನಿನ ಹಿಂದೆ ಟೂಲ್ ಬಾಕ್ಸ್ ಹಿಡಿದು ನಿಂತಿದ್ದೆ. ಅವಳ ಮೊದಲ ಎರಡು ಬಾಣ ಚೆನ್ನಾಗಿ ಹೋದವು. ಮೂರನೆಯದನ್ನು ಎಳೆಯುವಾಗ, ಇನ್ನೂ ಅರ್ಧದಲ್ಲಿ, ಟಪ್ ಅಂತ ಒಂದು ಸದ್ದು. ಕಾಂಪೌಂಡ್‌ನಲ್ಲಿ ಪೂರ್ತಿ ಎಳೆದ ಮೇಲೆ ಕೈ ಮೇಲಿನ ಭಾರ ಇಳಿಯುತ್ತದೆ. 50 ಪೌಂಡ್ ಪೂರ್ತಿ ಬೀಳುವುದು ನಡುವೆಯೇ. ಅವಳ ಮುಷ್ಟಿ ಅಷ್ಟೂ ಜೋರಲ್ಲಿ ಅವಳ ಬಾಯಿಗೇ ಬಡಿಯಿತು. ಬಾಣ ಗುರಿಯ ಬಟ್ ಮುಟ್ಟದೆ ಅರ್ಧ ದಾರಿಯಲ್ಲಿ ನೆಲಕ್ಕೆ ತಾಗಿ ಜಾರಿತು. ಎಳೆಯುವಾಗ ಬೋ ಮೇಲೆತ್ತಬಾರದು, ಕೈ ತಪ್ಪಿದರೂ ಬಾಣ ಸುರಕ್ಷತಾ ಜಾಗ ದಾಟಬಾರದು ಅನ್ನುವ ನಿಯಮ ಎಷ್ಟು ದೊಡ್ಡದು ಅಂತ ಆವತ್ತು ಕಣ್ಣಾರೆ ಕಂಡೆ.

ಸೀಟಿ ಬಿತ್ತು. ಒಂದಲ್ಲ, ಐದು. ಎಲ್ಲರೂ ಬಾಣ ಇಳಿಸಿದರು. ನಾನು ಓಡಿದೆ. ಅವಳ ಕೈಯಲ್ಲಿ ರಕ್ತ, ಕಣ್ಣಲ್ಲಿ ನೀರು. ಬೋ ನೋಡುವ ಮೊದಲೇ, ಅವಳ ಕೋಚ್ ಮುಂದೆಯೇ ನಾನು ಅಂದೆ: "ಹೆಬ್ಬೆರಳು ಟ್ರಿಗರಿಗೆ ತಾಗಿದೆ ಅಮ್ಮಾ. ಎಳೆಯುವಾಗ ಬೆರಳು ಹಿಂದೆ ಇಡ್ಬೇಕು ಅಲ್ವಾ?"

"ಇಲ್ಲ ಸರ್. ನಾನು ಬೆರಳೇ ಇಟ್ಟಿಲ್ಲ."

"ಗೊತ್ತಾಗಲ್ಲ, ತಾಗಿರುತ್ತೆ."

ಅವಳು ವಾದ ಮಾಡಲಿಲ್ಲ. ಬಾಯಿಗೆ ಬಟ್ಟೆ ಒತ್ತಿಕೊಂಡೇ ರಿಲೀಸ್ ಇದ್ದ ಕೈಯನ್ನು ನನ್ನ ಮುಂದೆ ಚಾಚಿದಳು. ಹುಕ್ ಮುಚ್ಚಿತ್ತು. ಟ್ರಿಗರ್ ಬಿದ್ದಿದ್ದರೆ ಅದು ತೆರೆದಿರಬೇಕಿತ್ತು. ಆಮೇಲೆ ಸ್ಟ್ರಿಂಗ್ ನೋಡಿದೆ. ಮೇಲಿನ ಗಂಟು ಹಾಗೇ ಇತ್ತು. ಕೆಳಗಿನದು ಬಿಚ್ಚಿ ದಾರ ನೇತಾಡುತ್ತಿತ್ತು. ತುದಿಯಲ್ಲಿ ಗುಂಡೇ ಇರಲಿಲ್ಲ. ಮುಟ್ಟಿದರೆ ಬೆರಳಿಗೆ ಕಪ್ಪು ಪುಡಿ ಹತ್ತಿತು.

ಮಾತೇ ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ತಪ್ಪು ನನ್ನದು, ನಿನ್ನದಲ್ಲ" ಅಂದೆ. ಕೋಚ್‌ಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿದೆ.

ಬೋ ಉಳಿದುಕೊಂಡಿತ್ತು. ಬಾಣ ಸ್ಟ್ರಿಂಗ್‌ನಲ್ಲೇ ಇದ್ದದ್ದರಿಂದ ಪೂರ್ತಿ ಡ್ರೈ ಫೈರ್ (ಬಾಣವಿಲ್ಲದೆ ಸ್ಟ್ರಿಂಗ್ ಬಿಡುವುದು) ಆಗಿರಲಿಲ್ಲ. ಆದರೂ ಬಿಲ್ಲಿನ ತೋಳುಗಳಾದ ಲಿಂಬ್‌ಗಳ ಮೇಲೆ ಹತ್ತಿ ಸವರಿ ಬಿರುಕಿಗೆ ಎಲ್ಲಾದರೂ ಎಳೆ ಸಿಕ್ಕಿಕೊಳ್ಳುತ್ತದಾ ಅಂತ ನೋಡಿದೆ. ಕ್ಯಾಮ್ ಅಂಚು, ಸ್ಟ್ರಿಂಗ್ ಕೂತಿರುವ ತೋಡು, ಎಲ್ಲ ನೋಡಿದೆ. ಹೊಸ ಲೂಪ್ ಕಟ್ಟುವಾಗ ನನ್ನ ಕೈ ನಡುಗುತ್ತಿತ್ತು. ಮೊದಲನೆಯದನ್ನು ಕತ್ತರಿಸಿ ಎಸೆದು ಎರಡನೆಯದು ಕಟ್ಟಿದೆ. ಪ್ಲೈಯರ್ ಹಾಕಿ ಮೈ ಭಾರ ಬಿಟ್ಟು ಜಗ್ಗಿದೆ. ಪೀಪ್ ಸ್ವಲ್ಪ ತಿರುಗಿತು. ಲೂಪನ್ನು ಕೂದಲೆಳೆಯಷ್ಟು ಹೊರಳಿಸಿ ಸರಿ ಮಾಡಿದೆ.

ಸಂಜೆ ರಿಜಿಸ್ಟರಿನಲ್ಲಿ "ಬಳಸಿ ಸವೆದದ್ದು" ಅಂತ ಬರೆಯಿರಿ ಅಂದರು ಮ್ಯಾನೇಜರ್. ಹಿಂದಿನ ದಿನ ಕಟ್ಟಿದ ಲೂಪ್ ಸವೆಯುವುದು ಹೇಗೆ? "ತುದಿ ಸುಟ್ಟಿತ್ತು, ಪ್ಲೈಯರಿನಿಂದ ಜಗ್ಗಿ ನೋಡಿಲ್ಲ, ಡ್ರಾ ಬೋರ್ಡ್ ಇಲ್ಲ" ಅಂತ ಬರೆದು ನನ್ನ ಸಹಿ ಹಾಕಿದೆ. ಅವರಿಗೆ ಅದು ಇಷ್ಟವಾಗಲಿಲ್ಲ. ಡ್ರಾ ಬೋರ್ಡ್ ಇನ್ನೂ ಸ್ಟೋರ್ ರೂಮಿನಲ್ಲೇ ಇದೆ. ಪ್ರತಿ ಸೋಮವಾರ ಕೇಳುತ್ತೇನೆ.

ಅವಳು ಈಗಲೂ ನನ್ನ ಹತ್ತಿರವೇ ಲೂಪ್ ಕಟ್ಟಿಸುತ್ತಾಳೆ. ಕಟ್ಟಿ ಕೊಟ್ಟ ಮೇಲೆ ತನ್ನ ಚೀಲದಿಂದ ಪ್ಲೈಯರ್ ತೆಗೆದು, ನನ್ನ ಎದುರಿಗೇ ಒಂದು ಸಲ ಜೋರಾಗಿ ಜಗ್ಗುತ್ತಾಳೆ. ಅವಳು ಜಗ್ಗಿ ಮುಗಿಸುವ ತನಕ ಮುಂದಿನವರನ್ನು ನಾನು ಕರೆಯುವುದಿಲ್ಲ.