ಮೇಷ್ಟ್ರು ಕಲಿಸಿದ ಡ್ರಾ

2025ರ ಜುಲೈ 26, ಜಾರ್ಜಿಯಾದ ಬಟುಮಿ. ಮಹಿಳಾ ಚೆಸ್ ವಿಶ್ವಕಪ್ ಫೈನಲ್. ಮೊದಲ ಆಟದಲ್ಲಿ ದಿವ್ಯಾ ದೇಶಮುಖ್ ಶುರುವಿನಲ್ಲೇ ಮೇಲುಗೈ ಪಡೆದರು, ಕಪ್ಪು ಕಾಯಿಯ ಕೊನೇರು ಹಂಪಿ ತಡೆದು ನಿಂತರು. 41 ನಡೆಗೆ ಡ್ರಾ. ಮರುದಿನ 34 ನಡೆಗೆ ಮತ್ತೆ ಡ್ರಾ. ಇಂದಿನ ಮಕ್ಕಳಿಗೆ ಗೆದ್ದವರು ಯಾರೆಂದಷ್ಟೇ ಬೇಕು. ನಮ್ಮ ಗಣಿತದ ಮೇಷ್ಟ್ರು ಬದುಕಿದ್ದರೆ ಆ ಎರಡು ಆಟಗಳನ್ನೇ ಒಂದು ವಾರ ಹಲಗೆಯ ಮೇಲೆ ಆಡಿಸುತ್ತಿದ್ದರು.

ಅವರ ಕ್ಯಾಲ್ಕುಲಸ್ ಮರೆತಿದೆ. ಮರೆಯದಿರುವುದು ನಮ್ಮ ತಂಡದ ಇಬ್ಬರು ಹುಡುಗಿಯರ ಕಿತಾಪತಿ. ಅಂತರ ಶಾಲಾ ಪಂದ್ಯದಲ್ಲಿ ಇಬ್ಬರಿಗೂ ಚುರುಮುರಿ ಗಾಡಿಯ ಮೇಲೇ ಕಣ್ಣು. ಕುದುರೆಯನ್ನು ಹೊರಗೆ, ಒಳಗೆ, ಮತ್ತೆ ಹೊರಗೆ ಹಾರಿಸಿ, ಒಂದೇ ಸ್ಥಿತಿ ಮೂರು ಸಲ ಬಂತು, ಡ್ರಾ ಎಂದು ಕೈಯೆತ್ತಿದರು. ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಒಪ್ಪಲಿಲ್ಲ. "ನೀವು ಹಾರಿದ್ದು ಎಣಿಸಿದಿರಿ ತಾಯಿ, ಸ್ಥಿತಿ ಎಣಿಸಲಿಲ್ಲ" ಎಂದರು ಮೇಷ್ಟ್ರು, ಆಟ ಮುಗಿದ ಮೇಲೆ. ಅದೇ ಸ್ಥಿತಿ, ಅದೇ ಆಟಗಾರ್ತಿಯ ಸರದಿ, ಕ್ಯಾಸ್ಲಿಂಗ್ (ರಾಜ-ಆನೆಗಳನ್ನು ಒಂದೇ ನಡೆಯಲ್ಲಿ ಸರಿಸುವ) ಹಕ್ಕೂ ಅದೇ ಇರಬೇಕು. ಆರಂಭದ ಸ್ಥಿತಿಯೇ ಮೊದಲನೆಯದು. ತಲಾ ಎರಡು ನಡೆಗೆ ಎರಡನೆಯದು, ನಾಲ್ಕಕ್ಕೆ ಮೂರನೆಯದು. ಅವರು ತಲಾ ಮೂರಕ್ಕೇ ನಿಲ್ಲಿಸಿದ್ದರು. ಇನ್ನೊಂದು ಪಾಠವೂ ಸಿಕ್ಕಿತು: ಮುಂದಿನ ನಡೆಯಿಂದ ಸ್ಥಿತಿ ಮೂರನೇ ಸಲ ಬರುವುದಾದರೆ, ಆ ನಡೆಯನ್ನು ಆಟ ದಾಖಲಿಸುವ ಹಾಳೆಯಲ್ಲಿ ಬರೆದು, ಕಾಯಿ ಮುಟ್ಟದೆ ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯಬೇಕು. ಕಾಯಿ ಮುಟ್ಟಿದರೆ ಆ ಸರದಿಯ ಹಕ್ಕು ಹೋಯಿತು.

ಆ ದಿನ ವಾಪಸ್ ಕೂತ ಇಬ್ಬರೂ ನಿಜವಾಗಿಯೇ ಆಡಿದರು. ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ಒಬ್ಬಳಿಗೆ ಮಾತ್ರ ಒಂದು ಪಾನ್ (ಕಾಲಾಳು). ಕಡಿಮೆಯಿದ್ದವಳು ರಾಜನನ್ನು ಪಾನ್ ಎದುರಿಗೇ ನಿಲ್ಲಿಸಿ, ಆನೆಯನ್ನು ತನ್ನ ಕಡೆಯಿಂದ ಮೂರನೇ ಸಾಲಿನಲ್ಲಿ ಅಡ್ಡಡ್ಡ ಓಡಾಡಿಸಿದಳು. ಎದುರಾಳಿ ರಾಜ ಆ ಸಾಲು ದಾಟಲಾರ. ಪಾನ್ ಆ ಸಾಲಿಗೆ ಬಂದ ಕ್ಷಣ ಆನೆ ದೂರದ ಕೊನೆಗೆ ಹೋಗಿ ಹಿಂದಿನಿಂದ ಚೆಕ್ ಕೊಡತೊಡಗಿತು. ಎದುರಾಳಿ ರಾಜನಿಗೆ ಚೆಕ್‌ನಿಂದ ಮರೆಯಾಗುವ ಜಾಗವೇ ಉಳಿದಿರಲಿಲ್ಲ. ಆಟ ಡ್ರಾ. ಪಾನ್ ಬರುವ ಮುಂಚೆಯೇ ಆನೆ ಸಾಲು ಬಿಟ್ಟಿದ್ದರೆ ಎದುರಾಳಿ ರಾಜ ಒಳನುಗ್ಗುತ್ತಿದ್ದ. ಇದೇ ಫಿಲಿಡೋರ್ ರಕ್ಷಣೆ; ಅದನ್ನು ನಮ್ಮ ತಂಡದಷ್ಟು ಚೆನ್ನಾಗಿ ಕಲಿತವರು ಜಿಲ್ಲೆಯಲ್ಲಿ ಇರಲಿಲ್ಲ.

ಈಗಿನ ಮಕ್ಕಳು ಚೆಸ್ ಎಂಜಿನ್ (ಆಟ ಲೆಕ್ಕ ಹಾಕುವ ಕಂಪ್ಯೂಟರ್) ತೋರಿಸುವ ಸೊನ್ನೆ, ಅಂದರೆ ಸಮಬಲ, ನೋಡಿ ಪುಟ ತಿರುಗಿಸುತ್ತಾರೆ. ಬಟುಮಿಯಲ್ಲಿ 28ರಂದು ಸಮಬಲ ಮುರಿಯಲು ಆಡಿಸಿದ ಟೈಬ್ರೇಕಿನ ಮೊದಲ, ಕಡಿಮೆ ಸಮಯದ ರ‍್ಯಾಪಿಡ್ ಆಟವೂ ಡ್ರಾ. ಮುಂದಿನದರಲ್ಲಿ ದಿವ್ಯಾ ಗೆದ್ದರು. ಮೇಷ್ಟ್ರು ಆ ಹುಡುಗಿಯರಿಗೆ ಚುರುಮುರಿ ಕೊಡಿಸಿದ್ದು ಸಂಜೆ ಆರಕ್ಕೆ, ಇಬ್ಬರ ಹಾಳೆಗೂ ಸಹಿ ಆದ ಮೇಲೆ.