ಅರ್ಜಿಯಲ್ಲಿ ಯಾರ ಹೆಸರು?

ನಮ್ಮ ಮನೆಯ ನವೀಕರಣ ಒಪ್ಪಿಕೊಂಡಿರುವ ಗುತ್ತಿಗೆದಾರರು ಈ ವಾರ ಆಡಿದ ಒಂದು ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ. ಕಟ್ಟಡ ಪರವಾನಗಿಯ ಅರ್ಜಿಯನ್ನು ಮುಂದಿಟ್ಟು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಸಹಿಯ ಜಾಗಕ್ಕೆ ಗುರುತು ಹಾಕುತ್ತಾ, "ಇದನ್ನ ನಿಮ್ಮ ಹೆಸರಲ್ಲೇ ಹಾಕಿಬಿಡೋಣ ಸಾರ್, ಬೇಗ ಆಗುತ್ತೆ" ಎಂದರು. ಪರವಾನಗಿ ತರುವುದು ನಿಮ್ಮ ಹೊಣೆಯೆಂದು ಮಾತಾಗಿತ್ತಲ್ಲ ಎಂದು ಕೇಳಿದ್ದಕ್ಕೆ, "ಹೆಸರು ಯಾರದಾದ್ರೇನು, ಕೆಲಸ ಮಾಡೋನು ನಾನೇ ತಾನೇ?" ಎಂದು ನಕ್ಕರು. ಕೆಲಸ ನಿಮ್ಮದೇ ಆದಮೇಲೆ ಹೆಸರೂ ನಿಮ್ಮದೇ ಇರಲಿ ಎಂದೆ. ನಗು ನಿಂತಿತು.

ಅವರು ಮೋಸಗಾರರಲ್ಲ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಗಾರೆ ಎಲ್ಲಿ ಟೊಳ್ಳಾಗಿದೆಯೆಂದು ಹೇಳಬಲ್ಲವರು. ಕೆಲಸದಲ್ಲಿ ಅವರ ಕೈ ಶುದ್ಧ. ಕಾಗದವೆಂದರೆ ಮಾತ್ರ ಮೈ ಮುದುಡಿಕೊಳ್ಳುತ್ತಾರೆ. ಅರ್ಜಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಅವರೆದುರೇ ಓದಿದ್ದು ನನ್ನ ಹೆಂಡತಿ. ನಿಯಮಗಳು ಊರಿಂದೂರಿಗೆ ಬೇರೆಯಾದರೂ ತಿರುಳು ಬಹುಮಟ್ಟಿಗೆ ಒಂದೇ: ಪರವಾನಗಿ ಪಡೆದವರೇ ಆ ಕೆಲಸಕ್ಕೆ ಉತ್ತರದಾಯಿ. ತಪಾಸಣೆಗೆ ಬಂದವರು ಏನನ್ನಾದರೂ ಒಡೆದು ಮತ್ತೆ ಕಟ್ಟಿ ಎಂದರೆ, ಆ ಆದೇಶ ಬರುವುದು ಅರ್ಜಿಯಲ್ಲಿರುವ ಹೆಸರಿಗೇ ಹೊರತು ಕರಣೆ ಹಿಡಿದ ಕೈಗಲ್ಲ. "ಹೆಸರು ಯಾರದಾದ್ರೇನು" ಎಂಬುದಕ್ಕೆ ಉತ್ತರ ಆ ಹಾಳೆಯ ಬೆನ್ನ ಮೇಲೆಯೇ ಅಚ್ಚಾಗಿತ್ತು.

ಬರೀ ಬಣ್ಣ ಬಳಿಯುವ ಕೆಲಸವಾಗಿದ್ದರೆ ಪರವಾನಗಿಯ ಮಾತೇ ಬರುತ್ತಿರಲಿಲ್ಲವೇನೋ. ನಾವು ತೆಗೆಸುತ್ತಿರುವುದು ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯನ್ನು, ಅದು ಮೇಲಂತಸ್ತಿನ ಭಾರ ಹೊತ್ತಿರುವ ಗೋಡೆ. ಅದನ್ನು ಮುಟ್ಟುವ ಮೊದಲು ಮೇಲಿನ ಭಾರವನ್ನು ತಾತ್ಕಾಲಿಕ ಆಧಾರಗಳ ಮೇಲೆ ಇಳಿಸಬೇಕು, ಆಮೇಲೆ ಲೆಕ್ಕ ಹಾಕಿದ ಅಳತೆಯ ತೊಲೆ ಕೂರಿಸಬೇಕು, ಆ ತೊಲೆಯ ಎರಡು ತುದಿಗಳಲ್ಲಿ ಬಂದು ಬೀಳುವ ಭಾರವನ್ನು ಕೆಳಗಿನ ಪಾಯ ತಾಳಬೇಕು. ಇಂಜಿನಿಯರ್ ಇದನ್ನೆಲ್ಲ ನಕ್ಷೆಯಲ್ಲಿ ತೋರಿಸಿ ಕೊಟ್ಟಿದ್ದಾರೆ. ಜೊತೆಗೆ ಆ ಗೋಡೆಯೊಳಗಿನ ವೈರು, ನೀರಿನ ಪೈಪುಗಳೂ ಜಾಗ ಬದಲಿಸುತ್ತವೆ. ಇವನ್ನು ಗಾರೆ ಮೆತ್ತುವ ಮೊದಲೇ ತಪಾಸಕರಿಗೆ ತೋರಿಸಬೇಕು. ಮುಚ್ಚಿದ ಮೇಲೆ ಯಾರೇ ಬಂದರೂ ಅವರಿಗೆ ಕಾಣುವುದು ನುಣುಪಾದ ಗೋಡೆ ಮಾತ್ರ.

ಗುತ್ತಿಗೆದಾರರ ಅವಸರದ ಬೇರು ಇಲ್ಲೇ ಇದೆಯೆಂದು ನನಗನ್ನಿಸುತ್ತದೆ. ತಪಾಸಕರು ಬರುವವರೆಗೆ ಗಾರೆ ಕೆಲಸ ನಿಲ್ಲಬೇಕು, ಕೈಕಟ್ಟಿ ಕೂತ ಆಳುಗಳಿಗೂ ಕೂಲಿ ಕೊಡಬೇಕು, ಇಲ್ಲದಿದ್ದರೆ ಅವರು ಬೇರೆ ಕೆಲಸ ಹಿಡಿದು ಹೋಗುತ್ತಾರೆ. ಕಚೇರಿಗಳು ಈ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂಬ ಅವರ ದೂರು ಸುಳ್ಳಲ್ಲ. ಆದರೆ ಆ ನಷ್ಟಕ್ಕೆ ದಾರಿಯನ್ನು ಕರಾರಿನಲ್ಲಿ ಹುಡುಕಬೇಕೇ ಹೊರತು ನನ್ನ ಸಹಿಯಲ್ಲಲ್ಲ. ಕಾಯುವ ದಿನಗಳನ್ನು ಮೊದಲೇ ವೇಳಾಪಟ್ಟಿಯಲ್ಲಿ ಸೇರಿಸಿ, ಕೊನೆಯ ಕಂತನ್ನು ಅಂತಿಮ ತಪಾಸಣೆಗೆ ಗಂಟು ಹಾಕೋಣವೆಂದು ನಾನೇ ಸೂಚಿಸಿದೆ. ಮೊದಲ ಭಾಗಕ್ಕೆ ತಲೆಯಾಡಿಸಿದರು, ಎರಡನೆಯದಕ್ಕೆ ನೀರು ಕೇಳಿದರು.

ನಂಬಿಕೆ ಇಲ್ಲವೇ ಎಂದು ಅವರು ಕೇಳಲಿಲ್ಲ, ಆದರೆ ಮುಖದಲ್ಲಿ ಅದೇ ಇತ್ತು. ನಂಬಿಕೆ ಇರುವುದರಿಂದಲೇ ಮನೆಯ ಗೋಡೆ ಒಡೆಯಲು ಕೊಟ್ಟಿದ್ದೇನೆ. ನಾಳೆ ಈ ಮನೆಯನ್ನು ಕೊಳ್ಳಬಂದವರೋ ವಿಮೆಯವರೋ ಈ ತೊಲೆಗೆ ಯಾರು ಒಪ್ಪಿಗೆ ಕೊಟ್ಟರು ಎಂದು ಕೇಳಿದರೆ, ನಮ್ಮಿಬ್ಬರ ನಡುವಿನ ನಂಬಿಕೆಯನ್ನು ತೆಗೆದು ತೋರಿಸಲಾಗುವುದಿಲ್ಲ. ಮಂಜೂರಾದ ನಕ್ಷೆಯನ್ನು ತೋರಿಸಬಹುದು.

ನಿನ್ನೆ ಅವರು ತಮ್ಮ ಹೆಸರು, ನೋಂದಣಿ ಸಂಖ್ಯೆ ತುಂಬಿದ ಅರ್ಜಿಯ ಫೋಟೋ ಕಳಿಸಿದರು. ಬೆನ್ನಿಗೇ ಬಂದ ಪರಿಷ್ಕೃತ ಅಂದಾಜು ಪಟ್ಟಿಯಲ್ಲಿ "ಪರವಾನಗಿ ಓಡಾಟ" ಎಂಬ ಹೊಸ ಬಾಬ್ತು ಸೇರಿದೆ. ಕೊಡಲು ನನ್ನ ತಕರಾರಿಲ್ಲ, ಶುಲ್ಕದ ರಸೀದಿಯನ್ನು ಜೊತೆಗಿಡಿ ಎಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.