ನಾಲ್ಕು ಪೀಪಾಯಿ, ಒಬ್ಬ ಹಟಮಾರಿ ಸನ್ಯಾಸಿ

ಭಾನುವಾರ, 17 ನವೆಂಬರ್ 2024

ಇವತ್ತು ಓದಿದ್ದೆಲ್ಲ ಗಾಟ್‌ಶಾಲ್ಕ್ ಬಗ್ಗೆಯೇ. ಒಂಬತ್ತನೇ ಶತಮಾನದ ಕ್ರೈಸ್ತ ಸನ್ಯಾಸಿ. ದೈವಕೃಪೆ, ಸ್ವತಂತ್ರ ಇಚ್ಛೆ ಅಂತ ಮಾತು ಶುರುವಾದರೆ ಎಲ್ಲರೂ ಐದನೇ ಶತಮಾನದಲ್ಲಿ ತೀರಿಕೊಂಡ ಧರ್ಮಪಂಡಿತ ಸಂತ ಆಗಸ್ಟೀನ್‌ನಿಂದ ಸೀದಾ ಹದಿಮೂರನೇ ಶತಮಾನದ ಅಕ್ವೈನಸ್‌ಗೆ ಹಾರುತ್ತಾರೆ. ನಡುವೆ ಇವನಿಗೆ ಸಿಗುವುದು ಒಂದೆರಡು ಸಾಲು. ನನಗೆ ಅವರಿಬ್ಬರಿಗಿಂತ ಇವನೇ ಜಾಸ್ತಿ ಇಷ್ಟ.

ಅಪ್ಪ ಬೆರ್ನೋ, ಈಗಿನ ಜರ್ಮನಿಯ ಸ್ಯಾಕ್ಸನ್ ಸೀಮೆಯ ಕೌಂಟ್, ಅಂದರೆ ಸಾಮಂತ. ಮಗ ಚಿಕ್ಕವನಿರುವಾಗಲೇ ಅವನನ್ನು ಫುಲ್ಡಾ ಮಠಕ್ಕೆ ಒಪ್ಪಿಸಿಬಿಟ್ಟರು. ಆಗ ಅದು ರೂಢಿ. ದೊಡ್ಡವನಾದ ಮೇಲೆ ಹುಡುಗ ತಕರಾರು ತೆಗೆದ, ಈ ಸನ್ಯಾಸ ತನಗೆ ಬೇಡ ಅಂತ. 829ರಲ್ಲಿ ಮೈನ್ಜ್‌ನಲ್ಲಿ ಸೇರಿದ ಬಿಷಪ್‌ಗಳು ಬಿಡುಗಡೆಗೆ ಒಪ್ಪಿದರು. ಆದರೆ ಮಠಾಧಿಪತಿ ಹ್ರಬಾನಸ್ ಬಿಡಬೇಕಲ್ಲ! ಚಕ್ರವರ್ತಿ ಲೂಯಿಯ ತನಕ ದೂರು ಒಯ್ದ. ಹೆತ್ತವರು ಮಾಡಿದ ಅರ್ಪಣೆ ಮಗುವನ್ನು ಜೀವನಪೂರ್ತಿ ಕಟ್ಟಿಹಾಕುತ್ತದೆ ಅಂತ ಒಂದು ಪುಸ್ತಕವನ್ನೇ ಬರೆದ. ಕೊನೆಗೆ ಫುಲ್ಡಾ ತಪ್ಪಿತು, ಸನ್ಯಾಸ ತಪ್ಪಲಿಲ್ಲ. ಗಾಟ್‌ಶಾಲ್ಕ್ ಉತ್ತರ ಫ್ರಾನ್ಸಿನ ಓರ್ಬೇ ಮಠಕ್ಕೆ ಬಂದು ಸೇರಿದ.

ಅವನು ತಲೆಗೆ ಹಚ್ಚಿಕೊಂಡಿದ್ದು ಆಗಸ್ಟೀನ್‌ನನ್ನು. ಆದಾಮನ ಪಾಪದಿಂದ ಮನುಷ್ಯಕುಲ ಪೂರ್ತಿ ಕೆಟ್ಟಿದೆ, ದೇವರು ಕೃಪೆಯಿಂದ ಕೆಲವರನ್ನು ಎತ್ತಿಕೊಳ್ಳುತ್ತಾನೆ, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ ಅನ್ನುವುದು ಆಗಸ್ಟೀನ್ ವಾದ. ಹಾಗಾದರೆ ಉಳಿದವರ ಗತಿ? ಆ ಪ್ರಶ್ನೆ ಬಂದಾಗ ಜನ ದನಿ ತಗ್ಗಿಸುತ್ತಿದ್ದರು. ಗಾಟ್‌ಶಾಲ್ಕ್ ತಗ್ಗಿಸಲಿಲ್ಲ. ದೇವರು ಬದಲಾಗುವವನಲ್ಲ, ಕೊನೇ ದಿನ ಕೂತು ಹೊಸದಾಗಿ ಯೋಚನೆ ಮಾಡುವವನೂ ಅಲ್ಲ. ಆದ್ದರಿಂದ ಸ್ವರ್ಗವೂ ಮೊದಲೇ ಗೊತ್ತುಮಾಡಿದ್ದು, ನರಕವೂ ಮೊದಲೇ ಗೊತ್ತುಮಾಡಿದ್ದು ಎಂದ. ದೇವರೇ ಪಾಪ ಮಾಡಿಸುತ್ತಾನೆ ಅಂತ ಮಾತ್ರ ಅವನು ಹೇಳಲಿಲ್ಲ. ಪಾಪ ಮನುಷ್ಯನದು, ಮುಂಚೆಯೇ ನಿಗದಿಯಾಗಿರುವುದು ಶಿಕ್ಷೆ. ಎದುರಾಳಿಗಳು ಈ ಸಾಲನ್ನು ಬೇಕಂತಲೇ ಮರೆತರು ಅಂತ ನನ್ನ ಅನುಮಾನ.

ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಹಣೆಯಲ್ಲಿ ಬರೆದಿದ್ದು ಅಳಿಸುವುದಿಲ್ಲ ಅಂದಮೇಲೆ ಉಪವಾಸ ಯಾಕೆ, ಪಾಪನಿವೇದನೆ ಯಾಕೆ, ಪಾದ್ರಿಯ ಮಾತು ಕೇಳುವುದಾದರೂ ಯಾಕೆ? ಊರೂರಿನ ಜನರನ್ನು ದಾರಿಯಲ್ಲಿಡಬೇಕಾದ ಬಿಷಪ್‌ಗೆ ಇದು ಬರೀ ತರ್ಕದ ಪ್ರಶ್ನೆಯಲ್ಲ.

848ರಲ್ಲಿ ಈ ವಾದಕ್ಕಾಗಿ ಮತ್ತೆ ಮೈನ್ಜ್‌ನಲ್ಲಿ ಬಿಷಪ್‌ಗಳ ಸಭೆ. ಅಷ್ಟರಲ್ಲಿ ಹ್ರಬಾನಸ್ ಅಲ್ಲಿನ ಆರ್ಚ್‌ಬಿಷಪ್ ಆಗಿದ್ದ. ಹಳೇ ಶಿಷ್ಯನನ್ನು ತಪ್ಪಿತಸ್ಥ ಎಂದು ಘೋಷಿಸಿ, ರೀಮ್ಸ್‌ನ ಆರ್ಚ್‌ಬಿಷಪ್ ಹಿಂಕ್ಮಾರ್ ಕೈಗೆ ಕೊಟ್ಟ. ಮರುವರ್ಷ ಫ್ರಾನ್ಸಿನ ಕಿಯೆರ್ಜಿಯಲ್ಲಿ ಸೇರಿದ ಸಭೆಯಲ್ಲಿ ಗಾಟ್‌ಶಾಲ್ಕ್‌ನ ಪಾದ್ರಿ ಪದವಿ ಕಿತ್ತುಕೊಂಡು, ಚಾಟಿಯಿಂದ ಬಾರಿಸಿ, ಅವನ ಬರಹಗಳನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿದರು. ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇದೆ ಅಂತ ವಾದಿಸಿದವರು ಮಾಡಿದ ಕೆಲಸ ಇದು! ಆಮೇಲೆ ಓವಿಲೇರ್ ಮಠದಲ್ಲಿ ಸೆರೆ. (ಷಾಂಪೇನ್ ಬಾಟಲಿ ಮೇಲಿನ ಡೋಮ್ ಪೆರಿನ್ಯೋನ್, ಎಂಟುನೂರು ವರ್ಷ ಆದಮೇಲೆ ಉಗ್ರಾಣ ನೋಡಿಕೊಂಡಿದ್ದು ಇದೇ ಮಠದಲ್ಲಿ.)

ಸೆರೆಯಲ್ಲೂ ಅವನು ಬಾಯಿ ಮುಚ್ಚಲಿಲ್ಲ. ಒಂದು ಬರಹದಲ್ಲಿ ಸವಾಲನ್ನೇ ಹಾಕಿದ್ದಾನೆ. ನಾಲ್ಕು ಪೀಪಾಯಿ ಸಾಲಾಗಿ ಇಡಿ. ಕುದಿಯುವ ನೀರು, ಎಣ್ಣೆ, ಕೊಬ್ಬು, ಡಾಂಬರು. ರಾಜ, ಬಿಷಪ್‌ಗಳು, ಜನ ಎಲ್ಲರ ಮುಂದೆ ಒಂದೊಂದರಲ್ಲೂ ಇಳಿದು ಹತ್ತುತ್ತೇನೆ, ಕೊನೆಗೆ ಬೆಂಕಿಯನ್ನೂ ದಾಟುತ್ತೇನೆ, ನನ್ನ ಮಾತು ನಿಜವಾದರೆ ಏನೂ ಆಗುವುದಿಲ್ಲ, ಹೆದರಿ ಹಿಂಜರಿದರೆ ಅದೇ ಬೆಂಕಿಗೆ ನೂಕಿ ಅನ್ನುತ್ತಾನೆ. ಯಾರೂ ಪೀಪಾಯಿ ತರಿಸಲಿಲ್ಲ.

ಹಿಂಕ್ಮಾರ್‌ನ ಫಜೀತಿ ಇನ್ನೊಂದು ಥರ. ಆಗಸ್ಟೀನ್ ಓದಿಕೊಂಡ ದೊಡ್ಡ ಪಂಡಿತರು, ಕಾರ್ಬಿಯ ರಾಟ್ರಾಮ್ನಸ್‌ನಂಥವರು, ಗಾಟ್‌ಶಾಲ್ಕ್ ಕಡೆಗೇ ವಾಲಿದರು. ಆಗ ಹಿಂಕ್ಮಾರ್ ಅರಮನೆಯ ಮೇಷ್ಟ್ರು, ಐರ್ಲೆಂಡಿನ ಜಾನ್ ಎರಿಯುಜಿನಾ ಹತ್ತಿರ ಉತ್ತರ ಬರೆಸಿದ. ಈ ಮೇಷ್ಟ್ರು ಹತ್ತೊಂಬತ್ತು ಅಧ್ಯಾಯ ಬರೆದು, ಕೆಡುಕು ಅನ್ನುವ ವಸ್ತುವೇ ಇಲ್ಲ, ಇಲ್ಲದ್ದನ್ನು ದೇವರು ನಿಗದಿ ಮಾಡುವುದು ಹೇಗೆ ಎಂದುಬಿಟ್ಟ! ಪಾಪಿಗೆ ಅವನ ಪಾಪವೇ ಶಿಕ್ಷೆಯಂತೆ. ಅದನ್ನು ಓದಿ ಎರಡೂ ಪಕ್ಷದವರಿಗೆ ಗಾಬರಿ. 855ರಲ್ಲಿ ವಾಲಾನ್ಸ್‌ನಲ್ಲಿ ಸೇರಿದ ಬಿಷಪ್‌ಗಳು ಅದನ್ನು ಐರಿಶ್ ಗಂಜಿ, ವಾಕರಿಕೆ ಬರಿಸುವಂಥದ್ದು ಎಂದು ಬೈದರು. 853ರಲ್ಲಿ ಹಿಂಕ್ಮಾರ್ ಒಪ್ಪಿಗೆ ಪಡೆದಿದ್ದ ನಾಲ್ಕು ನಿರ್ಣಯಗಳನ್ನೂ ಪಕ್ಕಕ್ಕೆ ಸರಿಸಿದರು. ಅವುಗಳಲ್ಲಿದ್ದ ಕ್ರಿಸ್ತ ಎಲ್ಲರಿಗಾಗಿ ಸತ್ತ ಅನ್ನುವ ಸಾಲು ನನಗೆ ಈಗಲೂ ಗಾಟ್‌ಶಾಲ್ಕ್‌ನ ತರ್ಕಕ್ಕಿಂತ ಹಿತ. ಹಿತ ಅಂದ ಮಾತ್ರಕ್ಕೆ ವಾದ ಗೆದ್ದ ಹಾಗಲ್ಲ, ಅದು ಬೇರೆ.

ಮಗುವಾಗಿದ್ದಾಗ ಯಾರೂ ಅವನ ಇಷ್ಟ ಕೇಳಲಿಲ್ಲ, ಅದಕ್ಕೇ ಎಲ್ಲವೂ ಮೊದಲೇ ಗೊತ್ತಾಗಿದೆ ಅಂತ ನಂಬಿದ ಎಂದು ವಿವರಿಸುವುದು ಸುಲಭ. ನನಗೂ ಮಧ್ಯಾಹ್ನದ ತನಕ ಹಾಗೇ ಅನ್ನಿಸಿತ್ತು. ಆದರೆ ಹಾಗೆ ಹೇಳುವವರು ಅವನ ವಾದಕ್ಕೇ ಬಂದು ನಿಂತ ಹಾಗಾಯಿತು, ಅಲ್ವಾ? ದೇವರ ಜಾಗದಲ್ಲಿ ಬಾಲ್ಯವನ್ನು ಕೂರಿಸಿದರು, ಅಷ್ಟೇ. ಅದೇ ಫುಲ್ಡಾದಲ್ಲಿ ಅದೇ ಥರ ಬೆಳೆದ ಬೇರೆ ಮಕ್ಕಳು ತೆಪ್ಪಗೆ ಸನ್ಯಾಸಿಗಳಾದರು.

868ರ ಹೊತ್ತಿಗೆ ಅವನು ಸಾಯುವ ಸ್ಥಿತಿಯಲ್ಲಿದ್ದಾಗ ಹಿಂಕ್ಮಾರ್ ಒಂದು ಹೇಳಿಕೆ ಕಳಿಸಿದ. ಒಪ್ಪಿಕೊಂಡರೆ ಪರಮಪ್ರಸಾದ (ಕ್ರಿಸ್ತನ ದೇಹ ಅಂತ ಕೊಡುವ ಪವಿತ್ರ ರೊಟ್ಟಿ), ಇಲ್ಲದಿದ್ದರೆ ಇಲ್ಲ. ಗಾಟ್‌ಶಾಲ್ಕ್ ಒಪ್ಪಲಿಲ್ಲ. ಹಿಂಕ್ಮಾರ್ ಬೇಗ ಸಾಯುತ್ತಾನೆ, ಆ ಪೀಠ ತನಗೇ ಬರುತ್ತದೆ ಅಂತ ಅವನು ಹಿಂದೆ ಭವಿಷ್ಯ ನುಡಿದಿದ್ದನಂತೆ. ಬರೆದಿಟ್ಟವನು ಹಿಂಕ್ಮಾರೇ, ಸ್ವಲ್ಪ ಖುಷಿಯಿಂದ ಬರೆದ ಹಾಗಿದೆ. ಹಿಂಕ್ಮಾರ್ ಬದುಕಿದ್ದು 882ರ ತನಕ. ವೈಕಿಂಗರಿಗೆ ಹೆದರಿ ರೀಮ್ಸ್ ಬಿಟ್ಟು ಓಡಿಬಂದು ಎಪರ್ನೇಯಲ್ಲಿ ಸತ್ತ. ಮ್ಯಾಪ್ ತೆಗೆದು ನೋಡಿದೆ, ಓವಿಲೇರ್ ಅಲ್ಲಿಂದ ಮಾರ್ನ್ ನದಿ ದಾಟಿದರೆ ಸ್ವಲ್ಪವೇ ದೂರ.